ಖಾಲಿ ಇದ್ದರೆ ಖಾಲಿ ಬಿಡಿ, ಸುಳ್ಳು ತುಂಬಬೇಡಿ



ಪೋಸ್ಟ್ ಉದ್ದ ಇದೆ. ಕಂಪ್ಯೂಟರ್ ವಿಷಯ, ನಮಗ್ಯಾಕೆ ಅಂತ ಅರ್ಧಕ್ಕೆ ಬಿಡಬೇಡಿ. ಇದು ನಮ್ಮ ಮಕ್ಕಳ ಹಾಸ್ಟೆಲ್ ಸೀಟಿನ ವಿಷಯ, ಸ್ಕಾಲರ್‌ಶಿಪ್ ವಿಷಯ, ಲೆಕ್ಕದ ಪುಸ್ತಕದಲ್ಲಿ ನಾವು ಇದ್ದೇವೋ ಇಲ್ಲವೋ ಅನ್ನೋ ವಿಷಯ.

ಹೋದ ತಿಂಗಳು ನಾನು ಕೆಲಸ ಮಾಡೋ ಕಚೇರಿಗೆ ಒಬ್ಬ ತಾಯಿ ಬಂದಿದ್ದರು. ಗಾರೆ ಕೆಲಸದ ಹೆಂಗಸು. ಅವತ್ತಿನ ಕೂಲಿ ಬಿಟ್ಟು ಬಂದಿದ್ದರು. ಮಗಳು ಪಿಯುಸಿ. ಹಾಸ್ಟೆಲ್ ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲ. "ಸಾರ್, ನಮ್ ಮಗೀಗೆ ಯಾಕ್ ಬರ್ನಿಲ್ಲ? ಕೇಳಿದ್ ಕಾಗ್ಜ ಎಲ್ಲಾ ಕೊಟ್ಟಿವ್ನಿ" ಅಂತ ಪ್ಲಾಸ್ಟಿಕ್ ಕವರಿನಿಂದ ಒಂದೊಂದೇ ತೆಗೆದು ಟೇಬಲ್ ಮೇಲೆ ಇಟ್ಟರು. ಜಾತಿ ಪ್ರಮಾಣಪತ್ರ ಇದೆ. ಆರ್‌ಡಿ ನಂಬರ್ ಇದೆ. ಆದಾಯ ಪತ್ರ ಇದೆ. ಎಲ್ಲ ಸರಿ ಇದೆ.

ಸಿಸ್ಟಂ ತೆಗೆದು ನೋಡಿದೆ. ವರ್ಗ ಅನ್ನೋ ಕಡೆ ಎರಡೇ ಅಕ್ಷರ: ಜಿಎಂ.

ಜನರಲ್ ಮೆರಿಟ್! ಯಾವನು ಹಾಕಿದ್ದು ಇದನ್ನ ಅಂತ ಸಿಟ್ಟು ಬಂತು. ಬೀರು ತೆಗೆದು ಹಳೇ ದಾಖಲಾತಿ ರಿಜಿಸ್ಟರ್ ನೋಡಿದೆ. ನೀಲಿ ಇಂಕಿನಲ್ಲಿ ದುಂಡಗೆ 'ಪ.ಜಾ.' ಅಂತ ಬರೆದಿದೆ. ಅರ್ಜಿಯಲ್ಲೂ ಹಾಗೇ ಇದೆ. ಕಾಗದದಲ್ಲಿ ಪರಿಶಿಷ್ಟ ಜಾತಿ, ಕಂಪ್ಯೂಟರಿನಲ್ಲಿ ಜಿಎಂ.

ನಮ್ಮಲ್ಲಿ ಈಗ ಹಳೇ ಸಾಫ್ಟ್‌ವೇರ್ ತೆಗೆದು ಹೊಸದು ಹಾಕ್ತಾ ಇದ್ದಾರೆ. ಅದಕ್ಕೆ ಅಂತ ಕಂಪನಿಯಿಂದ ಬಂದಿದ್ದ ಹುಡುಗ ಪಕ್ಕದಲ್ಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದ. ಒಳ್ಳೇ ಹುಡುಗ. ಅವನನ್ನ ಕೇಳಿದೆ. ನೋಡಿ ಹೇಳಿದ: "ಸರ್, ಇದನ್ನ ಯಾರೂ ಟೈಪ್ ಮಾಡಿಲ್ಲ. ಆ ಕಾಲಂಗೆ ಡಿಫಾಲ್ಟ್ ಜಿಎಂ ಇದೆ. ಎಂಟ್ರಿ ಮಾಡೋರು ಏನೂ ಹಾಕದೆ ಮುಂದೆ ಹೋದ್ರೆ ಅದೇ ಕೂರುತ್ತೆ."

ಯಾರೂ ಟೈಪ್ ಮಾಡಿಲ್ಲ. ಆದರೂ ಆ ಹುಡುಗಿ ಜಿಎಂ ಆಗಿಹೋದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕಂದ್ರೆ ಎಂಟ್ರಿ ಮಾಡುವಾಗ ಎಂಟರ್ ಒತ್ತಿ ಒತ್ತಿ ಮುಂದೆ ಹೋದವರಲ್ಲಿ ನಾನೂ ಒಬ್ಬ. ಸಂಜೆ ಆರರೊಳಗೆ ಇಷ್ಟು ಎಂಟ್ರಿ ಮುಗಿಸಿ ಅಂದಾಗ, ಕಣ್ಣು ಉರಿಯುವಾಗ, ನಾನೂ ಹಾಗೆ ಮಾಡಿದ್ದೇನೆ. ನಾನು ಖಾಲಿ ಬಿಟ್ಟೆ ಅಂದ್ಕೊಂಡಿದ್ದೆ. ಯಂತ್ರ ಜಿಎಂ ಅಂತ ಬರ್ಕೊಂಡಿತ್ತು.

ಡಿಫಾಲ್ಟ್ ಅಂದ್ರೆ ಏನು?

ಕಂಪ್ಯೂಟರ್ ಗೊತ್ತಿಲ್ಲದವರಿಗೆ ಹೇಳ್ತೀನಿ. ಡೇಟಾಬೇಸ್ ಟೇಬಲ್ ಅಂದ್ರೆ ನಮ್ಮ ಲೆಡ್ಜರ್ ಇದ್ದ ಹಾಗೆ. ಅಡ್ಡಸಾಲು ಒಬ್ಬೊಬ್ಬ ಮನುಷ್ಯನದು. ಉದ್ದದ ಕಾಲಂಗಳು ಹೆಸರು, ಊರು, ವರ್ಗ, ಧರ್ಮ, ಆದಾಯ. ಈಗ ಹೊಸ ಲೆಡ್ಜರ್ ತರಿಸಿದ್ದೀರಿ, ಅದರ ವರ್ಗದ ಕಾಲಂನಲ್ಲಿ ಪ್ರೆಸ್ಸಿನವನು ಪ್ರತೀ ಸಾಲಿನಲ್ಲೂ 'ಜಿಎಂ' ಅಂತ ಮೊದಲೇ ಅಚ್ಚು ಹಾಕಿ ಕೊಟ್ಟಿದ್ದಾನೆ ಅಂದ್ಕೊಳ್ಳಿ. ಎಸ್‌ಸಿ ಅಂತ ಬರೀಬೇಕಾದ್ರೆ ಗುಮಾಸ್ತ ಅದನ್ನ ಹೊಡೆದು ಬರೀಬೇಕು. ಮರೆತರೆ ಅಚ್ಚಿನಲ್ಲಿದ್ದದ್ದೇ ಸತ್ಯ. ಇದೇ ಡಿಫಾಲ್ಟ್.

ನಮಗೆ ಇದು ಹೊಸದಲ್ಲ. ಜೂನ್ 1 ಬಂದರೆ ಫೇಸ್‌ಬುಕ್‌ನಲ್ಲಿ ನಮ್ಮ ಎಷ್ಟು ಜನ ಹಿರಿಯರ ಹುಟ್ಟುಹಬ್ಬ ನೋಡಿದ್ದೀರಿ? ನಮ್ಮಪ್ಪಂದೂ ಜೂನ್ 1, ದೊಡ್ಡಪ್ಪಂದೂ ಜೂನ್ 1. ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಯಾರಿಗೂ ಗೊತ್ತಿರಲಿಲ್ಲ, ಮೇಷ್ಟ್ರು ಹಾಕಿದರು. ಆ ಮೇಷ್ಟ್ರನ್ನ ನಾನು ಬಯ್ಯಲ್ಲ, ಅವರು ಹಾಗೆ ಬರೆದದ್ದಕ್ಕೇ ನಮ್ಮಪ್ಪ ನಾಲ್ಕಕ್ಷರ ಕಲಿತರು. ಆದರೆ ಒಂದು ವ್ಯತ್ಯಾಸ ನೋಡಿ. ಜೂನ್ 1 ಅಂದ ಕೂಡಲೇ ಎಲ್ಲರಿಗೂ ಗೊತ್ತಾಗುತ್ತೆ, ಇದು ಮೇಷ್ಟ್ರು ಹಾಕಿದ್ದು ಅಂತ. ಜಿಎಂ ಅಂತ ಇದ್ದರೆ ಯಾರಿಗೆ ಅನುಮಾನ ಬರುತ್ತೆ? ನಿಜವಾದ ಜಿಎಂ ಯಾರು, ಯಂತ್ರ ಮಾಡಿದ ಜಿಎಂ ಯಾರು ಅಂತ ಹೇಗೆ ಗೊತ್ತಾಗುತ್ತೆ?

ಇನ್ನೊಂದು ಪ್ರಶ್ನೆ. ಡಿಫಾಲ್ಟ್ ಆಗಿ ಜಿಎಂ ಯಾಕೆ? ಎಸ್‌ಸಿ ಯಾಕಲ್ಲ, ಎಸ್‌ಟಿ ಯಾಕಲ್ಲ? ಟೇಬಲ್ ಕಟ್ಟಿದವನು ಬೇಕಂತ ದ್ವೇಷದಿಂದ ಮಾಡಿದ ಅಂತ ನಾನು ಹೇಳಲ್ಲ. ಅವನ ತಲೆಯಲ್ಲಿ 'ಮಾಮೂಲಿ ಮನುಷ್ಯ' ಅಂದ್ರೆ ಜಾತಿ ಹೇಳಬೇಕಾದ ಅಗತ್ಯ ಇಲ್ಲದವನು. ಜಾತಿ ಅನ್ನೋದು ಬೇರೆಯವರಿಗೆ ಅಂಟಿರೋದು, ಹೇಳಿಕೊಳ್ಳಬೇಕಾದವರು ಹೇಳಿಕೊಳ್ಳಲಿ. ಶತಮಾನಗಳಿಂದ ಊರಿನ ತಲೆಯಲ್ಲಿ ಇರೋದೂ ಇದೇ. ಊರು ಅಂದ್ರೆ ಅವರದು, ಕೇರಿ ಅಂತ ಬೇರೆ ಹೇಳಬೇಕು.

ನಮ್ಮ ಹೋರಾಟದ ಭಾಷೆಯಲ್ಲೇ ಹೇಳ್ತೀನಿ. 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ 7ಡಿ ನೆನಪಿದೆಯಲ್ಲ? ಎಲ್ಲರಿಗೂ ಅಂತ ಮಾಡಿದ ರಸ್ತೆ, ಸೇತುವೆಗಳ ಖರ್ಚಿನಲ್ಲಿ ಒಂದು ಪಾಲು ಪರಿಶಿಷ್ಟರಿಗೇ ಖರ್ಚಾಗಿದೆ ಎಂದು ಭಾವಿಸಿಕೊಳ್ಳೋದಕ್ಕೆ ಅವಕಾಶ ಕೊಟ್ಟಿದ್ದ ಸೆಕ್ಷನ್. ನಾವೆಲ್ಲ ಬೀದಿಗಿಳಿದು ಕೂಗಿದೆವು. 2023ರಲ್ಲಿ ಅದನ್ನ ತೆಗೆದರು. ಡಿಫಾಲ್ಟ್ ಅನ್ನೋದು ಕಂಪ್ಯೂಟರಿನ 7ಡಿ. ಕೇಳದೆ, ನೋಡದೆ, ಹಾಗೇ ಇದೆ ಎಂದು ಭಾವಿಸಿಕೊಳ್ಳೋದು. ಕಾಯ್ದೆಯ 7ಡಿ ನಮ್ಮ ಕಣ್ಣಿಗೆ ಬಿತ್ತು. ಇದು ಬೀಳಲಿಲ್ಲ.

ಈಗಲೇ ಯಾಕೆ ಈ ಮಾತು?

ಯಾಕಂದ್ರೆ ಮೈಗ್ರೇಶನ್ ನಡೀತಾ ಇದೆ. ನಮ್ಮ ಕಚೇರಿ ಒಂದರಲ್ಲೇ ಅಲ್ಲ. ಹಳೇ ಸಾಫ್ಟ್‌ವೇರಿನ ಮಾಹಿತಿಯನ್ನ ಹೊಸದಕ್ಕೆ ಸಾಗಿಸೋ ಕೆಲಸ ನಿಮ್ಮ ಕಚೇರಿಯಲ್ಲೂ ಇವತ್ತಲ್ಲ ನಾಳೆ ಬರುತ್ತೆ. ಹಳೇ ಲೆಡ್ಜರಿನಿಂದ ಹೊಸದಕ್ಕೆ ನಕಲು ಮಾಡೋ ಹಾಗೆ. ಈ ಹೊತ್ತಿನಲ್ಲಿ ಡಿಫಾಲ್ಟ್ ಮೂರು ಕಡೆ ಕಚ್ಚುತ್ತೆ.

ಒಂದು. ಹಳೇ ಟೇಬಲ್‌ನಲ್ಲಿ ಆಗಲೇ ಕೂತಿರೋ ಸುಳ್ಳು ಜಿಎಂ ಹಾಗೇ ಹೊಸದಕ್ಕೆ ಹೋಗುತ್ತೆ. ಅಲ್ಲಿ ಅದಕ್ಕೆ ಹೊಸ ಬಟ್ಟೆ, ಹೊಸ ಸೀಲು.

ಎರಡು. ಹಳೇದರಲ್ಲಿ ಇಲ್ಲದ ಕಾಲಂ ಹೊಸದರಲ್ಲಿ ಸೇರಿಸ್ತಾರೆ. ಧರ್ಮ, ಉಪಜಾತಿ, ಅಂಗವೈಕಲ್ಯ ಇಂಥವು. 'ಈ ಕಾಲಂ ಖಾಲಿ ಇರಕೂಡದು' ಅಂತ ಷರತ್ತು ಹಾಕಿ, ಜೊತೆಗೆ ಒಂದು ಡಿಫಾಲ್ಟ್ ಕೊಟ್ಟರೆ, ಹಳೇ ಸಾಲುಗಳಿಗೆಲ್ಲ ಒಂದೇ ಏಟಿಗೆ ಆ ಉತ್ತರ ತುಂಬಿಹೋಗುತ್ತೆ. ಸಾವಿರಾರು ಜನರಿಗೆ ಯಾರೂ ಕೇಳದ ಪ್ರಶ್ನೆಗೆ ಉತ್ತರ ಸಿಕ್ಕಿಬಿಡುತ್ತೆ. ಅಂಗವೈಕಲ್ಯ: ಇಲ್ಲ. ಧರ್ಮ: ಹಿಂದೂ.

ಮೂರು. ಹಳೇ ಟೇಬಲ್‌ನಲ್ಲಿ ಪ್ರಾಮಾಣಿಕವಾಗಿ ಖಾಲಿ ಇದ್ದ ಜಾಗವೂ ಉಳಿಯಲ್ಲ. ಸಾಗಿಸುವಾಗ ಖಾಲಿ ಕಾಲಂ ಅಂತ ಪಟ್ಟಿಯಿಂದ ಬಿಟ್ಟರೆ, ಹೊಸ ಟೇಬಲ್ ತನ್ನ ಡಿಫಾಲ್ಟ್ ತಾನೇ ತುಂಬಿಕೊಳ್ಳುತ್ತೆ. ಆಮೇಲೆ ಹಳೇ ಕಂಪ್ಯೂಟರ್ ಗುಜರಿಗೆ. ರಿಜಿಸ್ಟರ್ ಗೆದ್ದಲಿಗೆ. ಎಲ್ಲಿ ಹುಡುಕ್ತೀರಿ ಸತ್ಯ?

ಅದಕ್ಕೇ ನಾನು ಹೇಳೋದು: ಸಾಗಿಸೋ ಮೊದಲು ಮನುಷ್ಯರ ಬಗ್ಗೆ ಮಾತಾಡೋ ಪ್ರತಿಯೊಂದು ಕಾಲಂನ ಡಿಫಾಲ್ಟ್ ಕಿತ್ತುಹಾಕಿ. ಎಂಜಿನಿಯರುಗಳಿಗೆ ಅದು ಒಂದು ಸಾಲಿನ ಕೆಲಸ. ಆಲ್ಟರ್ ಟೇಬಲ್, ಆಲ್ಟರ್ ಕಾಲಂ, ಡ್ರಾಪ್ ಡಿಫಾಲ್ಟ್. ಅಷ್ಟೇ.

ಖಾಲಿ ಜಾಗ ಯಾರ ಜವಾಬ್ದಾರಿ?

ಖಾಲಿ ಬಿಟ್ಟರೆ ಏನು ಬಂತು ಭಾಗ್ಯ ಅಂತ ಕೇಳಬಹುದು. ಇಡೀ ವಿಷಯ ಇರೋದೇ ಅಲ್ಲಿ. ವರ್ಗದ ಕಾಲಂ ಖಾಲಿ ಇದ್ದರೆ ಅದು ಕಚೇರಿಯ ಬಾಕಿ ಕೆಲಸ. ಮೇಲಿನವರು ಕೇಳ್ತಾರೆ, "ಯಾಕ್ರೀ ಇದು ಖಾಲಿ?" ಗುಮಾಸ್ತ ಫೋನ್ ಮಾಡಬೇಕು, ಅರ್ಜಿ ತೆಗೆದು ನೋಡಬೇಕು, ಊರಿಗೆ ಹೇಳಿಕಳಿಸಬೇಕು. ಅದೇ ಜಿಎಂ ಅಂತ ತುಂಬಿದ್ದರೆ ಕಚೇರಿಯ ಕೆಲಸ ಮುಗೀತು. ಈಗ ಓಡಾಡಬೇಕಾದವಳು ಆ ತಾಯಿ. ಕೂಲಿ ಬಿಟ್ಟು, ಬಸ್ ಚಾರ್ಜ್ ಕೊಟ್ಟು, ಜೆರಾಕ್ಸ್ ಮಾಡಿಸಿ, ಅಫಿಡವಿಟ್ ಬರೆಸಿ, "ನಾನು ಎಸ್‌ಸಿ, ನಿಮ್ಮ ಕಂಪ್ಯೂಟರ್ ಹೇಳೋದು ಸುಳ್ಳು" ಅಂತ ಸಾಬೀತು ಮಾಡಬೇಕು. ಖಾಲಿ ಇದ್ದರೆ ಹೊರೆ ಕಚೇರಿಯ ಮೇಲೆ. ತುಂಬಿದರೆ ಹೊರೆ ನಮ್ಮ ಮೇಲೆ. ಡಿಫಾಲ್ಟ್ ಮಾಡೋ ಕೆಲಸ ಇದೊಂದೇ, ಹೊರೆಯನ್ನ ಕುರ್ಚಿಯಿಂದ ಎತ್ತಿ ಕೂಲಿಯ ತಲೆ ಮೇಲೆ ಇಡೋದು.

ಲೆಕ್ಕದ ಪುಸ್ತಕದಲ್ಲಿ ನಮ್ಮನ್ನ ಇಲ್ಲವಾಗಿಸೋ ಆಟ ಕಂಪ್ಯೂಟರಿಗಿಂತ ಹಳೇದು. 1932ರಲ್ಲಿ ಮತದಾನದ ಹಕ್ಕಿನ ವಿಚಾರಕ್ಕೆ ಲೋಥಿಯನ್ ಕಮಿಟಿ ಬಂದಾಗ, ಅಸ್ಪೃಶ್ಯರ ಸಂಖ್ಯೆ ಎಷ್ಟು ಅನ್ನೋದೇ ದೊಡ್ಡ ಜಗಳ ಆಯ್ತು. ಅಲ್ಲೀವರೆಗೆ ಯಾರೂ ತಕರಾರು ಮಾಡದ ಸಂಖ್ಯೆಯನ್ನ ಸವರ್ಣರು ಪ್ರಶ್ನಿಸೋಕೆ ಶುರುಮಾಡಿದರು. ನಮ್ಮ ಪ್ರಾಂತ್ಯದಲ್ಲಿ ಅಸ್ಪೃಶ್ಯರೇ ಇಲ್ಲ ಅನ್ನೋವರೆಗೂ ಕೆಲವರು ಹೋದರು. ಸಂಖ್ಯೆಗೂ ಪ್ರಾತಿನಿಧ್ಯಕ್ಕೂ ಸಂಬಂಧ ಬಂದ ಕೂಡಲೇ ನಾವು ಮಾಯ. ಬಾಬಾಸಾಹೇಬರು ಆ ಕಮಿಟಿಯ ಸದಸ್ಯರಾಗಿದ್ದರು. ಅವರು ಭಾಷಣದಷ್ಟೇ ಅಂಕಿಅಂಶವನ್ನೂ ನಂಬಿದವರು ಅನ್ನೋದನ್ನ ಮಾಲೆ ಹಾಕುವಾಗ ನಾವು ಮರೀತೀವಿ.

ಹತ್ತಿರದ ಉದಾಹರಣೆ ಬೇಕಾ? 2021ರಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಯಲ್ಲಿ, ಮಲ ಹೊರುವ ಪದ್ಧತಿಯಿಂದ ಸಾವು ವರದಿಯಾಗಿಲ್ಲ ಎಂದಿತು. ಒಳಚರಂಡಿಯಲ್ಲಿ, ಸೆಪ್ಟಿಕ್ ಟ್ಯಾಂಕಿನಲ್ಲಿ ಇಳಿದು ಸತ್ತವರ ಲೆಕ್ಕ ಬೇರೆ ಕಾಲಂನಲ್ಲಿ ಇತ್ತು. ಈ ಕಾಲಂನಲ್ಲಿ ಸೊನ್ನೆ. ಯಾವ ಊರಲ್ಲಿ ಸಮೀಕ್ಷೆ ಮಾಡಿ ಸೊನ್ನೆ ಬಂತು, ಯಾವ ಊರಲ್ಲಿ ಸಮೀಕ್ಷೆಯನ್ನೇ ಮಾಡದೆ ಸೊನ್ನೆ ಬರೆದರು? ಎರಡು ಸೊನ್ನೆಗೂ ಒಂದೇ ಆಕಾರ. ಕೇಳಿ ಬಂದ 'ಇಲ್ಲ'ಕ್ಕೂ, ಕೇಳದೆ ಬರೆದ 'ಇಲ್ಲ'ಕ್ಕೂ ವ್ಯತ್ಯಾಸ ಗೊತ್ತಾಗದ ಹಾಗೆ ಮಾಡೋದೇ ಇದರ ಅಪಾಯ.

ನಮ್ಮೊಳಗಿನ ಮಾತನ್ನೂ ಹೇಳಿಬಿಡ್ತೀನಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿಗೆ ದಾರಿ ಮಾಡಿಕೊಟ್ಟಿತು. ಕರ್ನಾಟಕದಲ್ಲಿ ಜಾರಿ ಮಾಡೋಣ ಅಂದ್ರೆ ಮೊದಲು ಎದುರಾದ ಕಷ್ಟ ಯಾವುದು? ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಅಂತ ಪ್ರಮಾಣಪತ್ರ ಇರೋರ ಮೂಲ ಜಾತಿ ಯಾವುದು ಅಂತ ಕಾಗದದಲ್ಲಿ ಇರಲಿಲ್ಲ. ಕೆಲವು ಕಡೆ ಎಕೆ ಅಂದ್ರೆ ಹೊಲೆಯರು, ಕೆಲವು ಕಡೆ ಎಕೆ ಅಂದ್ರೆ ಮಾದಿಗರು. ನ್ಯಾಯಮೂರ್ತಿ ನಾಗಮೋಹನ ದಾಸ್ ಆಯೋಗ 2025ರ ಮೇ ತಿಂಗಳಲ್ಲಿ ಮನೆಮನೆಗೆ ಜನ ಕಳಿಸಿ ಕೇಳಬೇಕಾಯ್ತು. ಆ ಹೆಸರುಗಳನ್ನ ನಮ್ಮ ಹಿರಿಯರು ಬೈಗುಳದ ಹೆಸರಿನಿಂದ ಬಿಡಿಸಿಕೊಳ್ಳೋದಕ್ಕೆ, ಮರ್ಯಾದೆಗೆ ಅಂತ ತಗೊಂಡದ್ದು. ಅದನ್ನ ನಾನು ಹಗುರ ಮಾಡಲ್ಲ. ಎಡ-ಬಲದ ಜಗಳಕ್ಕೂ ಇಲ್ಲಿ ಬರಲ್ಲ. ನಾನು ಹೇಳೋದು ಇಷ್ಟೇ: ಒಂದು ಪೀಳಿಗೆ ಕೇಳದೆ ಬಿಟ್ಟ ಪ್ರಶ್ನೆಯನ್ನ ಇನ್ನೊಂದು ಪೀಳಿಗೆ ಮನೆ ಬಾಗಿಲಿಗೆ ಹೋಗಿ ಕೇಳಬೇಕಾಗುತ್ತೆ. ಆ ಹೊತ್ತಿಗೆ ಹೇಳಬೇಕಾದ ಅಜ್ಜಿ ಇರಲ್ಲ.

ಈಗ ಇದೇ ತಪ್ಪನ್ನ ಕಂಪ್ಯೂಟರಿನಲ್ಲಿ ಮತ್ತೆ ಮಾಡ್ತಾ ಇದ್ದೀವಿ. ನಮ್ಮ ರಾಜ್ಯದ ಪಟ್ಟಿಯಲ್ಲಿ 101 ಜಾತಿ. ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಮೊದಲು ಬರೋದು ಆದಿ ಆಂಧ್ರ. ತೆರೆ ಮೇಲಿನ ಪಟ್ಟಿಯಲ್ಲಿ ಮೊದಲ ಹೆಸರು ತಾನಾಗಿ ಆಯ್ಕೆಯಾಗಿ ಕೂತಿದ್ದರೆ, ಕೆಳಗೆ ಇಳಿಯೋ ತಾಳ್ಮೆ ಇಲ್ಲದ ಕೈ ಅದನ್ನೇ ಬಿಡುತ್ತೆ. ತೆಲುಗು ಒಂದಕ್ಷರ ಗೊತ್ತಿಲ್ಲದ ನಮ್ಮ ಕಡೆ ಹುಡುಗನೊಬ್ಬ ನಮ್ಮ ಸಿಸ್ಟಂನಲ್ಲಿ ಆದಿ ಆಂಧ್ರ ಆಗಿ ಕೂತಿದ್ದ. ನಗು ಬರುತ್ತೆ. ಒಳಮೀಸಲಾತಿ ರೋಸ್ಟರ್ ಬಂದ ದಿನ ನಗು ಬರಲ್ಲ.

ಧರ್ಮದ ಕಾಲಂ ಕೇಳಲೇಬೇಡಿ. ದೀಕ್ಷೆ ತಗೊಂಡ ಮನೆಯ ಮಕ್ಕಳು ಬಾಯಿಬಿಟ್ಟು 'ಬೌದ್ಧ' ಅಂದರೂ ದಾಖಲೆಯಲ್ಲಿ ಹಿಂದೂ. ಬೌದ್ಧರಾದ ಪರಿಶಿಷ್ಟರಿಗೂ ಪರಿಶಿಷ್ಟ ಜಾತಿ ಸ್ಥಾನ ಇದೆ ಅಂತ 1990ರಲ್ಲೇ ತಿದ್ದುಪಡಿ ಆಯ್ತು. ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರ ಜೊತೆ ಬಿಟ್ಟು ಬಂದ ಮನೆಗೆ, ಒಂದು ಡಿಫಾಲ್ಟ್ ನಮ್ಮ ಮಕ್ಕಳನ್ನ ಮತ್ತೆ ಕಳಿಸ್ತಾ ಇದೆ.

ತಕರಾರುಗಳಿಗೆ ಉತ್ತರ

ಎಂಜಿನಿಯರ್ ಹುಡುಗ ಅಂದ: "ಸರ್, ಡಿಫಾಲ್ಟ್ ತೆಗೆದ್ರೆ ಎಂಟ್ರಿ ಎಲ್ಲ ಎರರ್ ಹೊಡೆಯುತ್ತೆ." ಹೊಡೀಲಿ ತಮ್ಮಾ. ಖಾಲಿ ಇರಕೂಡದು ಅಂದ್ರೆ ನಿಲ್ಲಿಸಿ ಕೇಳಲಿ. ಈಗ ಗೊತ್ತಿಲ್ಲ ಅಂದ್ರೆ ಖಾಲಿ ಬಿಡೋಕೆ ಅವಕಾಶ ಇರಲಿ. ಸುಳ್ಳು ನುಂಗಿ ಸುಮ್ಮನಿರೋ ಯಂತ್ರಕ್ಕಿಂತ ಕೂಗೋ ಯಂತ್ರ ಒಳ್ಳೇದು. ದಾಖಲೆ ಯಾವ ಸಮಯಕ್ಕೆ ಸೇರಿತು ಅನ್ನೋ ತಾರೀಕು ಯಂತ್ರ ತಾನೇ ಹಾಕಿಕೊಳ್ಳಲಿ, ಬೇಡ ಅನ್ನಲ್ಲ. ಅದು ಯಂತ್ರಕ್ಕೆ ಗೊತ್ತಿರೋ ವಿಷಯ. ನಮ್ಮ ಜಾತಿ, ಧರ್ಮ, ಆದಾಯ ಯಂತ್ರಕ್ಕೆ ಗೊತ್ತಿಲ್ಲ.

ಸಾಹೇಬರು ಅಂದರು: "ರಿಪೋರ್ಟಿನಲ್ಲಿ ಖಾಲಿ ಕಂಡರೆ ಮೇಲಿನವರು ಬಯ್ತಾರೆ ಕಣ್ರೀ." ನಿಜ, ಬಯ್ತಾರೆ. ಅದಕ್ಕೇ ಕಾಣಬೇಕು. ಎಸ್‌ಸಿ ಇಷ್ಟು, ಎಸ್‌ಟಿ ಇಷ್ಟು, ಜಿಎಂ ಇಷ್ಟು ಅಂತ ಇರೋ ಕಡೆ 'ಕೇಳಿಲ್ಲ' ಇಷ್ಟು ಅಂತ ಇನ್ನೊಂದು ಸಾಲು ಅಚ್ಚಾಗಲಿ. ಆ ಸಾಲು ಸೊನ್ನೆಯಾಗೋವರೆಗೆ ಕೆಲಸ ಮುಗಿದಿಲ್ಲ ಅಂತ ಅರ್ಥ. ಇದನ್ನ ಮಾಡದೆ ಖಾಲಿ ಬಿಟ್ಟರೆ ಬೇರೆ ಅಪಾಯ ಇದೆ, ಖಾಲಿ ಇರೋರು ಯಾವ ಪಟ್ಟಿಗೂ ಬರದೆ ಎರಡರ ಮಧ್ಯೆ ಬಿದ್ದುಹೋಗ್ತಾರೆ.

ಮೂರನೇ ತಕರಾರು ನಮ್ಮ ಗೆಳೆಯರದೇ. ಅದಕ್ಕೆ ನಾನು ಮರ್ಯಾದೆ ಕೊಡ್ತೀನಿ. "ಜಾತಿ ಹೇಳಿದ್ರೆ ಹಾಸ್ಟೆಲ್ಲಲ್ಲಿ, ಆಫೀಸಲ್ಲಿ ಮಕ್ಕಳು ಅವಮಾನ ಪಡ್ತಾರೆ. ಜಿಎಂ ಅಂತ ಇದ್ದರೆ ಒಳ್ಳೇದೇ ಅಲ್ವಾ?" ಹೇಳದೇ ಇರೋ ಹಕ್ಕು ನಮಗೆ ಖಂಡಿತ ಇರಬೇಕು. 'ಹೇಳಲು ಇಷ್ಟವಿಲ್ಲ' ಅಂತ ಒಂದು ಆಯ್ಕೆ ಇರಲಿ, ಅದನ್ನ ನಾವೇ ಆರಿಸಿಕೊಳ್ಳೋಣ. ಆದರೆ ನಾನು ಬಾಯಿ ಮುಚ್ಚಿಕೊಂಡಿದ್ದನ್ನ ನೋಡಿ ಯಂತ್ರ ನನ್ನ ಬದಲು ಮಾತಾಡೋದು ಹೇಗೆ ಸರಿ? ಮೌನ ನನ್ನದು. ಜಿಎಂ ಅನ್ನೋದು ಅದರದು.

ಹಾಗಾದ್ರೆ ಏನು ಕೇಳಬೇಕು?

ಹೋರಾಟ ಅಂದ್ರೆ ಘೋಷಣೆ ಅಷ್ಟೇ ಅಲ್ಲ, ಬೇಡಿಕೆ ಪಟ್ಟಿ ಬರೆಯೋಕೂ ಬರಬೇಕು. ನಿಮ್ಮ ಶಾಲೆ, ಕಾಲೇಜು, ಹಾಸ್ಟೆಲ್, ಪಂಚಾಯ್ತಿ, ಸೊಸೈಟಿ, ಎಲ್ಲೇ ಹೊಸ ಸಾಫ್ಟ್‌ವೇರ್ ಬರ್ತಾ ಇದ್ದರೆ ಇಷ್ಟು ಕೇಳಿ:

1. ಹಳೇ ಟೇಬಲ್‌ನಲ್ಲಿ, ಹೊಸ ಟೇಬಲ್‌ನಲ್ಲಿ ಯಾವ ಯಾವ ಕಾಲಂಗೆ ಏನೇನು ಡಿಫಾಲ್ಟ್ ಇದೆ ಅಂತ ಪಟ್ಟಿ ಕೊಡಿ. ಕಂಪ್ಯೂಟರೇ ಈ ಪಟ್ಟಿ ತೆಗೆದುಕೊಡುತ್ತೆ, ಕಷ್ಟ ಇಲ್ಲ. ಸರ್ಕಾರಿ ಕಚೇರಿಯಾದರೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ.

2. ವರ್ಗ, ಜಾತಿ, ಧರ್ಮ, ಲಿಂಗ, ಆದಾಯ, ಅಂಗವೈಕಲ್ಯ, ಹುಟ್ಟಿದ ದಿನ, ಇವುಗಳ ಡಿಫಾಲ್ಟ್ ಸಾಗಿಸೋ ಮೊದಲೇ ತೆಗೀರಿ. ತೆರೆ ಮೇಲೂ ಮೊದಲೇ ಆಯ್ಕೆಯಾಗಿ ಕೂತ ಉತ್ತರ ಬೇಡ. 'ಆಯ್ಕೆ ಮಾಡಿ' ಅಂತ ಇರಲಿ.

3. 'ಕೇಳಿಲ್ಲ', 'ಗೊತ್ತಿಲ್ಲ', 'ಹೇಳಲು ಇಷ್ಟವಿಲ್ಲ', ಈ ಮೂರೂ ಬೇರೆ ಬೇರೆ ಇರಲಿ.

4. ಡಿಫಾಲ್ಟ್ ಕಿತ್ತ ಮಾತ್ರಕ್ಕೆ ಹಳೇ ಸುಳ್ಳು ಅಳಿಯಲ್ಲ, ಇದು ನೆನಪಿರಲಿ. ಅದು ಇನ್ನು ಮುಂದಿನ ಸಾಲುಗಳಿಗೆ ಮಾತ್ರ. ಹಳೇ ಜಿಎಂಗಳನ್ನೆಲ್ಲ ಒಟ್ಟಿಗೆ ಅಳಿಸೋಕೂ ಆಗಲ್ಲ, ಅದರಲ್ಲಿ ನಿಜವಾದ ಜಿಎಂ ಇದ್ದಾರೆ. 'ಪರಿಶೀಲಿಸಬೇಕು' ಅಂತ ಗುರುತು ಹಾಕಿ, ದಾಖಲಾತಿ ರಿಜಿಸ್ಟರ್, ಟಿಸಿ, ಅರ್ಜಿ, ಪ್ರಮಾಣಪತ್ರದ ಜೊತೆ ತಾಳೆ ನೋಡಿ. ಈ ಉತ್ತರ ಎಲ್ಲಿಂದ ಬಂತು ಅಂತ ಬರೆಯೋಕೆ ಒಂದು ಕಾಲಂ ಇಡಿ.

5. ಸಾಗಿಸೋ ಮುಂಚೆ ಎಸ್‌ಸಿ ಎಷ್ಟು, ಎಸ್‌ಟಿ ಎಷ್ಟು, ಖಾಲಿ ಎಷ್ಟು. ಸಾಗಿಸಿದ ಮೇಲೆ ಎಷ್ಟು? ಎರಡೂ ಲೆಕ್ಕ ನೋಟಿಸ್ ಬೋರ್ಡಿಗೆ ಹಾಕಿ. ಖಾಲಿ ಕಮ್ಮಿಯಾಗಿ ಜಿಎಂ ಅಷ್ಟೇ ಜಾಸ್ತಿಯಾಗಿದ್ದರೆ ಕಳ್ಳ ಸಿಕ್ಕಿಬಿದ್ದ.

6. ತಾಳೆ ಮುಗಿಯೋವರೆಗೆ ಹಳೇ ರಿಜಿಸ್ಟರ್, ಹಳೇ ಡೇಟಾ ಯಾವುದನ್ನೂ ವಿಲೇವಾರಿ ಮಾಡಕೂಡದು.

7. ತಪ್ಪು ಕಚೇರಿಯದಾದರೆ ತಿದ್ದೋ ಖರ್ಚೂ ಕಚೇರಿಯದೇ. ಅಫಿಡವಿಟ್ ತನ್ನಿ ಅಂತ ಆ ತಾಯಿಗೆ ಹೇಳಕೂಡದು.

ನಮ್ಮ ಕಚೇರಿಯಲ್ಲಿ ಏನಾಯ್ತು ಅಂತ ಕೇಳ್ತೀರಿ. ನಾನು ಟಿಪ್ಪಣಿ ಬರೆದು ಕೊಟ್ಟೆ. ಆ ಹುಡುಗ ಹೊಸ ಟೇಬಲ್‌ನ ವರ್ಗ, ಧರ್ಮದ ಡಿಫಾಲ್ಟ್ ತೆಗೆದ. ಆದಾಯದ್ದು ಇನ್ನೂ ಸೊನ್ನೆ ಇದೆ, ಫೈಲು ಮೇಲೆ ಹೋಗಿದೆ. ರಿಜಿಸ್ಟರ್ ಜೊತೆ ತಾಳೆ ನೋಡೋ ಕೆಲಸ ಸಂಜೆ ಹೊತ್ತು ನಾನು, ಇನ್ನೊಬ್ಬರು ಮಾಡ್ತಾ ಇದ್ದೀವಿ. ಆ ಹುಡುಗಿಯ ವರ್ಗ ಸರಿಯಾಯ್ತು. ಆದರೆ ಈ ವರ್ಷದ ಹಾಸ್ಟೆಲ್ ಪಟ್ಟಿ ಮುಗಿದಿತ್ತು. ಎರಡನೇ ಪಟ್ಟಿ ಬಂದರೆ ನೋಡೋಣ ಅಂದಿದ್ದಾರೆ. ಅಲ್ಲೀವರೆಗೆ ಅವಳು ಬೆಳಗ್ಗೆ ಆರರ ಬಸ್ಸಿಗೆ ಓಡಾಡ್ತಾ ಇದ್ದಾಳೆ.

ಆ ತಾಯಿ ಹೋಗುವಾಗ ಕೇಳಿದ್ದು ಒಂದೇ ಮಾತು. "ಬರೆಯೋಕೆ ಮುಂಚೆ ಒಂದ್ ಮಾತ್ ಕೇಳಬಾರ್ದಾ ಸಾರ್?"

ನನ್ನ ಹತ್ರ ಉತ್ತರ ಇರಲಿಲ್ಲ. ಗುಮಾಸ್ತರಾಗಿರೋ ನಮ್ಮ ಹುಡುಗರು, ಡೇಟಾ ಎಂಟ್ರಿ ಮಾಡೋ ನಮ್ಮ ಹೆಣ್ಣುಮಕ್ಕಳು, ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಟೇಬಲ್ ಕಟ್ಟೋ ನಮ್ಮ ಎಂಜಿನಿಯರ್ ತಮ್ಮಂದಿರು ಇದನ್ನ ಓದ್ತಾ ಇದ್ದರೆ, ನಾಳೆ ಕೆಲಸಕ್ಕೆ ಹೋದಾಗ ಒಂದು ಟೇಬಲ್ ತೆರೆದು ನೋಡಿ. ನಿಮ್ಮ ಅವ್ವನ ಸಾಲಿನಲ್ಲಿ ಯಂತ್ರ ಏನು ತುಂಬುತ್ತೆ ಅಂತ ನೋಡಿ. ಕಂಡದ್ದನ್ನ ಕಾಮೆಂಟಿನಲ್ಲಿ ಬರೀರಿ, ಕಚೇರಿಯ ಹೆಸರು ಬೇಡ, ಕಾಲಂ ಹೆಸರು ಸಾಕು. ಎಲ್ಲವನ್ನೂ ಸೇರಿಸಿ ಒಂದು ಮನವಿ ಮಾಡೋಣ.

ಜೈಭೀಮ್.